ಬೆಳಕಿನ ಪಾಠ: ಓದುವುದೊ, ನೋಡುವುದೊ?

ಹತ್ತನೆಯ ತರಗತಿಯ ವಿದ್ಯಾರ್ಥಿಗಳನ್ನು ನಿಲ್ಲಿಸಿ ‘ವಕ್ರೀಭವನವೆಂದರೇನು?’ ಎಂದು ಕೇಳಿದರೆ ಉತ್ತರವು ತಡವಿಲ್ಲದೆ ಬರುತ್ತದೆ. ಒಂದು ಪಾರದರ್ಶಕ ಮಾಧ್ಯಮದಿಂದ ಇನ್ನೊಂದಕ್ಕೆ ಓರೆಯಾಗಿ ಪ್ರವೇಶಿಸುವ ಬೆಳಕು ತನ್ನ ದಿಕ್ಕನ್ನು ಬದಲಿಸುವುದೆಂದು ಒಂದಕ್ಷರವೂ ತಪ್ಪದೆ ಹೇಳುವವರು ನಮ್ಮಲ್ಲಿ ಅನೇಕರಿದ್ದಾರೆ. ಅವರ ಶ್ರಮವನ್ನು ನಾವು ಹೀಗಳೆಯುವುದಿಲ್ಲ. ಆದರೆ ಅದೇ ವಿದ್ಯಾರ್ಥಿಗಳು ಕಳೆದ ಚಳಿಗಾಲದ ಪ್ರವಾಸದಲ್ಲಿ ಶಿರೂರಿನ ಹೊಳೆಯ ದಡದಲ್ಲಿ ನಿಂತು, ತಿಳಿನೀರಿನ ತಳದಲ್ಲಿ ಕಾಣುತ್ತಿದ್ದ ಕಲ್ಲುಗಳನ್ನು ನೋಡಿ, ‘ಇಲ್ಲಿ ನೀರು ಸೊಂಟದ ಮಟ್ಟಕ್ಕೆ ಮಾತ್ರ ಇದೆ, ಇಳಿಯಬಹುದು’ ಎಂದು ಏಕಕಂಠದಿಂದ ತೀರ್ಪು ಕೊಟ್ಟರು. ಅಂದಿನಿಂದ ನಮ್ಮ ಮನಸ್ಸಿನಲ್ಲಿ ಒಂದು ಅಭಿಪ್ರಾಯವು ನೆಲೆಗೊಂಡಿದೆ. ಬೆಳಕಿನ ಪಾಠವನ್ನು ಮೊದಲು ಕಣ್ಣಿನಿಂದ ಕಲಿಯಬೇಕು, ಅನಂತರ ಪುಸ್ತಕದಿಂದ.

ಶಿರೂರು ಪುಣೆಯಿಂದ ಅಹಿಲ್ಯಾನಗರಕ್ಕೆ ಹೋಗುವ ಹೆದ್ದಾರಿಯಲ್ಲಿ, ಎಪ್ಪತ್ತು ಕಿಲೋಮೀಟರಿನೊಳಗೆ ಇರುವ ಊರು. ಘೋಡ ನದಿಯ ದಡದಲ್ಲಿರುವುದರಿಂದ ಜನರು ಊರನ್ನೇ ಘೋಡನದಿ ಎಂದು ಕರೆಯುವುದುಂಟು. ನಮ್ಮ ಹುಡುಗರ ಮಾತನ್ನು ಕೇಳಿದ ಅಲ್ಲಿಯ ರೈತರೊಬ್ಬರು ಏನೂ ಹೇಳದೆ ಒಂದು ಬಿದಿರು ಗಳವನ್ನು ತಂದು ನೀರಿಗಿಳಿಸಿ ಮೇಲೆತ್ತಿದರು. ಗಳದ ಒದ್ದೆಯಾದ ಭಾಗವು ನಮ್ಮಲ್ಲಿ ಎಲ್ಲರಿಗಿಂತ ಎತ್ತರದ ಹುಡುಗನ ಸೊಂಟವನ್ನಲ್ಲ, ಎದೆಯನ್ನೂ ದಾಟಿ ಕೊರಳಿನವರೆಗೆ ಮುಟ್ಟಿತು. ಆ ಹುಡುಗನು ಹಿಂದಿನ ವಾರವಷ್ಟೇ ಇದೇ ಪಾಠದ ಪರೀಕ್ಷೆಯಲ್ಲಿ ಹತ್ತಕ್ಕೆ ಒಂಬತ್ತು ಅಂಕ ಪಡೆದವನು.

ಇದರ ಕಾರಣವು ಕಠಿನವಾದುದಲ್ಲ. ಬೆಳಕು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು ಓಡಿದರೆ ನೀರಿನಲ್ಲಿ ಸುಮಾರು ೨ ಲಕ್ಷ ೨೫ ಸಾವಿರ ಕಿಲೋಮೀಟರು ಮಾತ್ರ ಓಡುತ್ತದೆ. ತಳದ ಕಲ್ಲಿನಿಂದ ಹೊರಟ ಕಿರಣವು ನೀರನ್ನು ಬಿಟ್ಟು ಗಾಳಿಗೆ ಬರುವಾಗ ಲಂಬದಿಂದ ದೂರಕ್ಕೆ ಬಾಗುತ್ತದೆ. ಕಿರಣವು ಬಾಗಿ ಬಂದಿತೆಂಬುದು ನಮ್ಮ ಕಣ್ಣಿಗೆ ತಿಳಿಯದು. ಅದು ನೇರವಾಗಿಯೇ ಬಂದಿತೆಂದು ಭಾವಿಸಿ ಕಲ್ಲನ್ನು ಮೇಲಕ್ಕೆತ್ತಿ ತೋರಿಸುತ್ತದೆ. ನೇರವಾಗಿ ಮೇಲಿನಿಂದ ನೋಡಿದರೆ ಆಳವು ನಾಲ್ಕರಲ್ಲಿ ಮೂರು ಪಾಲಿನಷ್ಟೇ ಕಾಣುವುದು. ಎಂದರೆ ಆರು ಅಡಿಯ ನೀರು ನಾಲ್ಕೂವರೆ ಅಡಿಯಂತೆ ತೋರುವುದು. ದಡದಲ್ಲಿ ನಿಂತು ಓರೆಯಾಗಿ ನೋಡುವವನಿಗಂತೂ ಇನ್ನೂ ಕಡಿಮೆ. ಈಜು ಬಾರದವನ ಪಾಲಿಗೆ ಈ ವ್ಯತ್ಯಾಸವು ಪ್ರಾಣದ ಪ್ರಶ್ನೆ.

ಘೋಡ ನದಿಯು ಮುಂದೆ ಭೀಮೆಯನ್ನು ಕೂಡುತ್ತದೆ. ಭೀಮೆಯು ವಿಜಯಪುರ, ಕಲಬುರಗಿ, ಯಾದಗಿರಿ ಸೀಮೆಗಳಲ್ಲಿ ಹರಿದು ಕೃಷ್ಣೆಯನ್ನು ಸೇರುತ್ತದೆ. ನಮ್ಮ ಶಾಲೆಯಲ್ಲಿ ಓದುವ ಮಕ್ಕಳಲ್ಲಿ ಎಷ್ಟೋ ಮಂದಿಯ ಹಿರಿಯರು ಆ ಸೀಮೆಯಿಂದಲೇ ದುಡಿಮೆಗಾಗಿ ಈ ನಗರಕ್ಕೆ ಬಂದವರು. ಬೇಸಗೆಯ ರಜೆಯಲ್ಲಿ ಮಕ್ಕಳು ಅಜ್ಜನ ಊರಿಗೆ ಹೋಗುತ್ತಾರೆ, ಹೊಳೆಗೂ ಬಾವಿಗೂ ಇಳಿಯುತ್ತಾರೆ. ಪರೀಕ್ಷೆಯಲ್ಲಿ ಒಂದು ಅಂಕ ಹೋದರೆ ಮುಂದಿನ ವರ್ಷ ಗಳಿಸಬಹುದು. ಹೊಳೆಯು ಎರಡನೆಯ ಅವಕಾಶವನ್ನು ಕೊಡುವುದಿಲ್ಲ. ತರಗತಿಯಲ್ಲಿ ಒಂದು ತಪ್ಪಲೆ, ಒಂದು ನಾಣ್ಯ, ಒಂದು ತಂಬಿಗೆ ನೀರು ಇದ್ದರೆ ಸಾಕು. ತಪ್ಪಲೆಯ ತಳದಲ್ಲಿ ನಾಣ್ಯವನ್ನಿಟ್ಟು, ಅಂಚಿನ ಮರೆಯಲ್ಲಿ ಅದು ಕಾಣದಂತಾಗುವವರೆಗೆ ಹಿಂದೆ ಸರಿದು ನಿಂತು, ಜೊತೆಗಾರನಿಂದ ನೀರು ಹೊಯ್ಯಿಸಿದರೆ ನಾಣ್ಯವು ತಾನಾಗಿ ಮೇಲೆದ್ದು ಬಂದಂತೆ ಕಾಣುವುದು. ಇದನ್ನು ಒಮ್ಮೆ ಕಂಡವನು ಹೊಳೆಯ ತಳವನ್ನು ಎಂದೂ ನಂಬಲಾರನು.

ಇಲ್ಲಿ ಭಾಷೆಯ ವಿಚಾರವಾಗಿ ಒಂದು ಮಾತು. (ನಾವು ಭಾಷೆಯನ್ನು ಕಲಿಸುವವರು, ವಿಜ್ಞಾನದ ಅಧ್ಯಾಪಕ ಮಿತ್ರರು ನಮ್ಮ ಅಧಿಕಪ್ರಸಂಗವನ್ನು ಕ್ಷಮಿಸಬೇಕು.) ನಾವು ವಕ್ರೀಭವನ ಎಂದು ಕಲಿತುದನ್ನು ನೆರೆಯ ಮರಾಠಿ ಶಾಲೆಯ ಮಕ್ಕಳು ಅಪವರ್ತನ ಎನ್ನುತ್ತಾರೆ, ನಮ್ಮ ಪ್ರತಿಫಲನವು ಅವರ ಪರಾವರ್ತನ. ನಮ್ಮ ಗಣಿತದಲ್ಲಿಯಾದರೋ ಅಪವರ್ತನವೆಂದರೆ ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ! ಓಣಿಯ ಗೆಳೆಯನೊಡನೆ ಕುಳಿತು ಓದುವಾಗ, ಬೆಳಕಿನ ಪಾಠದಲ್ಲಿ ಅಪವರ್ತನವೇಕೆ ಬಂದಿತೆಂದು ತಬ್ಬಿಬ್ಬಾದ ಬಾಲಕನನ್ನು ನಾವು ಬಲ್ಲೆವು. ಮುಂದೆ ಕಾಲೇಜಿಗೆ ಹೋದಾಗ ಇವೆರಡೂ ಹೋಗಿ ಇಂಗ್ಲಿಷಿನ ರಿಫ್ರ್ಯಾಕ್ಷನ್ ಬರುವುದು. ಆಗ ಕನ್ನಡದಲ್ಲಿ ಕಲಿತುದೆಲ್ಲ ವ್ಯರ್ಥವಾಯಿತೆಂದು ಕೆಲವರು ಹೆದರಿಸುತ್ತಾರೆ. ಕನ್ನಡ ಮಾಧ್ಯಮದಲ್ಲಿಯೇ ಹತ್ತನೆಯ ತರಗತಿಯನ್ನು ಮುಗಿಸಿದ ನಮಗೂ ಈ ಹೆದರಿಕೆಯ ರುಚಿ ಗೊತ್ತುಂಟು. ಹೆಸರನ್ನು ಮಾತ್ರ ಕಲಿತವನಿಗೆ ಅದು ನಿಜವೇ ಸರಿ. ಹೆಸರು ಬದಲಾದೊಡನೆ ಅವನ ಗಂಟು ಬರಿದಾಗುತ್ತದೆ. ನಾಣ್ಯವು ಮೇಲೇಳುವುದನ್ನು ಕಂಡವನಿಗೆ ಮೂರನೆಯ ಹೆಸರನ್ನು ಕಲಿಯಲು ಒಂದು ಗಳಿಗೆ ಸಾಕು.

ಅದೇ ಪ್ರವಾಸದಲ್ಲಿ ಶಿರೂರು ತಾಲ್ಲೂಕಿನ ಮೋರಾಚಿ ಚಿಂಚೋಳಿಯನ್ನೂ ನೋಡಿದೆವು. ನವಿಲುಗಳಿಗೂ ಹುಣಸೆಯ ಮರಗಳಿಗೂ ಹೆಸರಾದ ಹಳ್ಳಿಯದು. ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆಯ ಒಬ್ಬ ಹುಡುಗಿ, ‘ನಮ್ಮೂರು ಇಲ್ಲಿಗೂ ಬಂದದರೀ ಸರ್!’ ಎಂದು ಎಲ್ಲರನ್ನೂ ನಗಿಸಿದಳು. ಅಲ್ಲಿ ಒಂದು ಮನೆಯವರು ತೋಟದಲ್ಲಿ ತಾನಾಗಿ ಉದುರಿದ ಗರಿಗಳನ್ನು ಆರಿಸಿ ಕಟ್ಟಿಟ್ಟಿದ್ದರು. ಒಂದು ಗರಿಯನ್ನು ಮಕ್ಕಳ ಕೈಗಿತ್ತು, ಈ ನೀಲಿ ಎಲ್ಲಿಂದ ಬಂದಿತೆಂದು ಕೇಳಿದೆವು. ‘ಗರಿಯೊಳಗೆ ನೀಲಿ ಬಣ್ಣವಿದೆ’ ಎಂಬುದೇ ಎಲ್ಲರ ಉತ್ತರ. ಅದನ್ನು ಕಿಟಕಿಯ ಬೆಳಕಿಗೆ ಅಡ್ಡವಾಗಿ ಹಿಡಿದು, ಬೆಳಕು ಹಿಂದಿನಿಂದ ತೂರಿ ಬರುವಂತೆ ನೋಡಿರೆಂದೆವು. ನೀಲಿಯೂ ಹಸಿರೂ ಮಾಯವಾಗಿ ಬರಿಯ ಕಂದು ಉಳಿಯಿತು. ಮಕ್ಕಳು ಗರಿಯನ್ನು ಹಿಂದು ಮುಂದಾಗಿ ಹೊರಳಿಸಿದರು, ಮತ್ತೆ ಹೊರಳಿಸಿದರು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ.

ಗರಿಯಲ್ಲಿ ನೀಲಿಯ ವರ್ಣದ್ರವ್ಯವೇ ಇಲ್ಲ. ಇರುವುದು ನಮ್ಮ ಕೂದಲಿಗೂ ಕಪ್ಪು ಕೊಡುವ ಮೆಲನಿನ್ ಎಂಬ ಪದಾರ್ಥ. ಗರಿಯ ಅತಿ ಸಣ್ಣ ಎಳೆಗಳೊಳಗೆ ಮೆಲನಿನ್ನಿನ ಸೂಕ್ಷ್ಮ ಕಡ್ಡಿಗಳು ಸಾಲುಸಾಲಾಗಿ ಜೋಡಿಸಲ್ಪಟ್ಟಿವೆ. ನೀಲಿ ಕಾಣುವ ಕಡೆ ಕಡ್ಡಿಯಿಂದ ಕಡ್ಡಿಗೆ ಇರುವ ಅಂತರವು ಒಂದು ಮಿಲಿಮೀಟರಿನ ಸುಮಾರು ಏಳು ಸಾವಿರದಲ್ಲೊಂದು ಪಾಲು. ಹಸಿರು, ಹಳದಿ ಕಾಣುವೆಡೆ ಇನ್ನೂ ತುಸು ಹೆಚ್ಚು. ಸಾಲುಗಳಿಂದ ಹಿಂದಿರುಗುವ ಬೆಳಕಿನ ಅಲೆಗಳಲ್ಲಿ ಕೆಲವು ಒಂದನ್ನೊಂದು ಹೆಚ್ಚಿಸುತ್ತವೆ, ಕೆಲವು ಒಂದನ್ನೊಂದು ಅಳಿಸುತ್ತವೆ. ಇದಕ್ಕೆ ವ್ಯತಿಕರಣವೆಂದು ಹೆಸರು. ಸಾಬೂನಿನ ಗುಳ್ಳೆಯ ಬಣ್ಣವೂ, ಮಳೆಯಲ್ಲಿ ನೆನೆದ ರಸ್ತೆಯ ಮೇಲೆ ಚೆಲ್ಲಿದ ಎಣ್ಣೆಯ ಬಣ್ಣವೂ ಇದರ ಬಳಗದವೇ. ೧೬೬೫ರಷ್ಟು ಹಿಂದೆಯೇ ರಾಬರ್ಟ್ ಹುಕ್ ಎಂಬ ಆಂಗ್ಲ ವಿಜ್ಞಾನಿಯು ನವಿಲುಗರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ನೀರು ತಾಗಿದರೆ ಅದರ ಬಣ್ಣಗಳು ಅಳಿಯುವುದನ್ನು ಬರೆದಿಟ್ಟನು.

ನಮ್ಮ ನಾಡಿನಲ್ಲಿಯೂ ಗರಿಯನ್ನು ಹಿಡಿದು ನೋಡಿದವರಿದ್ದರು. ಬೆಳಕಿನ ಚದರಿಕೆಯ ಕುರಿತ ಶೋಧಕ್ಕಾಗಿ ೧೯೩೦ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸರ್ ಸಿ. ವಿ. ರಾಮನ್ ಅವರು ೧೯೩೩ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. ಮರುವರ್ಷ ಅಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದಾಗ, ಅದರ ಪತ್ರಿಕೆಯ ಮೊದಲ ಸಂಪುಟದಲ್ಲಿ ಅವರು ಬರೆದುದು ಹಕ್ಕಿಯ ಗರಿಗಳ ಬಣ್ಣದ ಮೂಲವನ್ನು ಕುರಿತು. ಆ ಹಕ್ಕಿ ನೀಲಕಂಠ, ಇಂದು ಕರ್ನಾಟಕದ ರಾಜ್ಯಪಕ್ಷಿ. ಜಗದ್ವಿಖ್ಯಾತರಾದ ಮೇಲೆಯೂ ಗರಿಯೊಂದನ್ನು ಹಿಡಿದು ಕೂರಲು ಅವರಿಗೆ ಸಂಕೋಚವಾಗಲಿಲ್ಲ.

ಪರೀಕ್ಷೆಯು ಹತ್ತಿರ ಬಂದಿರುವಾಗ ಗರಿ, ತಪ್ಪಲೆಗಳಿಗೆ ಪುರಸತ್ತೆಲ್ಲಿ ಎಂದು ಪಾಲಕರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೆ. ಮಕ್ಕಳನ್ನು ಕಂಠಪಾಠಕ್ಕೆ ಹಚ್ಚಿದವರು ಅಧ್ಯಾಪಕರಾದ ನಾವೇ ಹೊರತು ಬೇರಾರೂ ಅಲ್ಲ. ಉತ್ತರಪತ್ರಿಕೆಯಲ್ಲಿ ಪುಸ್ತಕದ ವಾಕ್ಯವನ್ನೇ ಹುಡುಕಿ ಅಂಕ ಕೊಡುವವರೂ ನಾವೇ. ಆದರೆ ತಪ್ಪಲೆಯ ಪ್ರಯೋಗಕ್ಕೆ ಹತ್ತು ನಿಮಿಷ ಬೇಕು. ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸಲು ನಾವು ಕಳೆಯುವ ಹೊತ್ತು ಇದಕ್ಕಿಂತ ಬಹಳ ಹೆಚ್ಚು.

ಈ ಬೇಸಗೆಯ ರಜೆಗೆ ಒಂದು ಕೆಲಸವನ್ನು ಸೂಚಿಸುತ್ತೇವೆ. ಬೆಳಕು ನೇರವಾಗಿ ಚಲಿಸುವುದರಿಂದ, ಸೂರ್ಯನು ನಟ್ಟ ನಡುನೆತ್ತಿಗೆ ಬಂದಾಗ ನೆಟ್ಟಗೆ ನಿಂತ ಕೋಲಿಗೆ ನೆರಳೇ ಬೀಳದು. ಇದು ವಿಜಯಪುರದಲ್ಲಿ ಮೇ ೭ರ ಸುಮಾರಿಗೆ, ಕಲಬುರಗಿಯಲ್ಲಿ ೯ರ ಸುಮಾರಿಗೆ, ಶಿರೂರಿನಲ್ಲಿ ೧೫ರ ಸುಮಾರಿಗೆ ಆಗುವುದು. ಹೊತ್ತು ಹನ್ನೆರಡಲ್ಲ, ನಮ್ಮ ಈ ಸೀಮೆಗಳಲ್ಲಿ ಹನ್ನೆರಡೂಕಾಲರಿಂದ ಹನ್ನೆರಡೂವರೆಯವರೆಗೆ. ಊರಿಗೆ ಹೋದವರು ಅಂಗಳದಲ್ಲಿ ಒಂದು ಮೀಟರು ಉದ್ದದ ಕೋಲನ್ನು ನೆಟ್ಟು, ಮೇ ೫ರಿಂದ ೧೮ರವರೆಗೆ ಪ್ರತಿದಿನದ ಅತಿ ಕಿರಿಯ ನೆರಳನ್ನು ಅಳೆದು ಬರೆದಿಡಬೇಕು. ಇಲ್ಲಿಯೇ ಉಳಿದವರು ಶಾಲೆಯ ಅಂಗಳದಲ್ಲಿ ಅಳೆಯಲಿ. ಜೂನಿನಲ್ಲಿ ಶಾಲೆ ತೆರೆದಾಗ ಎರಡೂ ಪಟ್ಟಿಗಳನ್ನು ಒಂದೇ ಹಲಗೆಯ ಮೇಲೆ ಬರೆದು ನೋಡೋಣ.