ತಿರುಗುವ ಪಟ್ಟಿಗೆ ಕೊನೆ ಎಲ್ಲಿದೆ?

ಐಫೋನಿನಲ್ಲಿ ಅಲಾರಂ ಇಡುವಾಗ ಗಂಟೆಗೊಂದು, ನಿಮಿಷಕ್ಕೊಂದು ಉರುಳೆ ಕಾಣುತ್ತದೆ. 12 ಆದ ಮೇಲೆ 1, 59 ಆದ ಮೇಲೆ 00. ಎಷ್ಟು ತಿರುಗಿಸಿದರೂ ಮುಗಿಯುವುದಿಲ್ಲ ಅನ್ನಿಸುತ್ತದೆ. ಆದರೆ ಬೇರೆ ಕೆಲಸವಿಲ್ಲದವರು ಒಂದೇ ದಿಕ್ಕಿಗೆ ಜೋರಾಗಿ ತಳ್ಳುತ್ತಲೇ ಹೋದರೆ ಒಂದು ಕಡೆ ಅದು ಗಕ್ಕನೆ ನಿಂತುಬಿಡುತ್ತದೆ, ಅದರಾಚೆ ಅಂಕಿಗಳೇ ಇರುವುದಿಲ್ಲ. ಅಂದರೆ ಅದು ಚಕ್ರವೇ ಅಲ್ಲ. ಅವೇ ಅಂಕಿಗಳನ್ನು ಮತ್ತೆ ಮತ್ತೆ ಬರೆದಿಟ್ಟ ಉದ್ದನೆಯ ಪಟ್ಟಿ. ಬೆಳಿಗ್ಗೆ ಐದಕ್ಕೆ ಏಳಬೇಕಾದವರು ಯಾರೂ ಅದರ ತುದಿಯವರೆಗೆ ಹೋಗುವುದಿಲ್ಲ ಎಂಬ ನಂಬಿಕೆಯ ಮೇಲೆ ಇಡೀ ಏರ್ಪಾಡು ನಿಂತಿದೆ.

ಮೊಬೈಲಿನಲ್ಲಿ ಇಂಥ ಪಟ್ಟಿಗಳು ಎಲ್ಲೆಲ್ಲೂ ಇವೆ. ಅಂಗಡಿ ಆ್ಯಪ್‌ಗಳ ನೆತ್ತಿಯ ಮೇಲೆ ತಾನಾಗಿ ಸರಿಯುವ ಜಾಹೀರಾತುಗಳು, ಹುಟ್ಟಿದ ದಿನಾಂಕ ಆರಿಸುವ ಉರುಳೆಗಳು, ಕೊನೆಯ ಫೋಟೊ ಆದ ಕೂಡಲೇ ಮೊದಲನೆಯದು ಬರುವ ಆಲ್ಬಂಗಳು. ಅಮೆರಿಕದ ಅಜಾ ರಸ್ಕಿನ್ 2006ರಲ್ಲಿ ರೂಪಿಸಿ, ಆಮೇಲೆ ಯಾಕಾದರೂ ಮಾಡಿದೆನೋ ಎಂದು ಬಹಿರಂಗವಾಗಿ ನೊಂದುಕೊಂಡ ಕೊನೆಯಿಲ್ಲದ ಸ್ಕ್ರಾಲ್ ಬೇರೆ. ಅಲ್ಲಿ ಪ್ರತಿ ಸಲ ಹೊಸ ಸರಕು ಬರುತ್ತದೆ. ಇಲ್ಲಿ ಸರಕು ಇರುವುದು ಇಷ್ಟೇ, ಅದೇ ಸುತ್ತಿ ಸುತ್ತಿ ಬರಬೇಕು.

ಇದನ್ನು ನಟನೆಯಿಂದಲೇ ಸಾಧಿಸಬೇಕಾಗುವುದೇಕೆ? ಫೋನಿನ ಸ್ಕ್ರಾಲ್ ವ್ಯವಸ್ಥೆಗೆ ಮೂಲತಃ ಗೊತ್ತಿರುವುದು ಎರಡೇ ವಿಷಯ: ಒಳಗಿನ ಸಾಮಗ್ರಿ ಒಟ್ಟು ಎಷ್ಟು ಉದ್ದವಿದೆ, ಬೆರಳು ಅದರಲ್ಲಿ ಎಷ್ಟು ದೂರ ಸರಿಸಿದೆ. ಉದ್ದ ಎಂದ ಮೇಲೆ ಕೊನೆ ಇರಲೇಬೇಕು. ಸಾಲದ್ದಕ್ಕೆ, ಕೊನೆ ಬಂತು ಎಂದು ಬೆರಳಿಗೆ ತಿಳಿಸಲು ಆಪಲ್ ಕಂಪನಿ ರಬ್ಬರಿನ ಹಾಗೆ ಎಳೆದು ವಾಪಸ್ ಬರುವ ಚಲನೆಯನ್ನೇ ರೂಪಿಸಿ, ಅದಕ್ಕೆ ಪೇಟೆಂಟ್ ಪಡೆದು, 2012ರಲ್ಲಿ ಸ್ಯಾಮ್‌ಸಂಗ್ ವಿರುದ್ಧದ ಮೊಕದ್ದಮೆಯಲ್ಲಿ ಜ್ಯೂರಿಯ ಮುಂದೆ ಇಟ್ಟಿತ್ತು. ಕೊನೆಯನ್ನು ತೋರಿಸಲು ಇಷ್ಟು ಪಾಡುಪಟ್ಟ ವ್ಯವಸ್ಥೆಯೊಳಗೆ ಕೊನೆಯೇ ಇಲ್ಲವೆಂದು ತೋರಿಸಬೇಕು!

ಒಂದು ಪಂಚಾಂಗದ ಆ್ಯಪ್ ಮಾಡುತ್ತಿದ್ದೇವೆ, ಅದರಲ್ಲಿ ಸಂವತ್ಸರಗಳ ಉರುಳೆ ಬೇಕು ಎಂದಿಟ್ಟುಕೊಳ್ಳಿ. ಪ್ರಭವದಿಂದ ಅಕ್ಷಯದವರೆಗೆ 60 ಹೆಸರುಗಳು, ಅಕ್ಷಯ ಮುಗಿದರೆ ಮತ್ತೆ ಪ್ರಭವ. ಆಂಡ್ರಾಯ್ಡ್ ಡೆವಲಪರ್‌ಗಳ ಹಳೆಯ ಉಪಾಯವೊಂದಿದೆ. ಪಟ್ಟಿಯಲ್ಲಿ ಎಷ್ಟು ಸಾಲುಗಳಿವೆ ಎಂದು ವ್ಯವಸ್ಥೆ ಕೇಳಿದಾಗ 60 ಎನ್ನದೆ 2147483647 ಎಂದು ಹೇಳುವುದು. ಅಲ್ಲಿನ ಮಾಮೂಲಿ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅದು. ಯಾವುದೋ ಒಂದು ಸಾಲಿನಲ್ಲಿ ಏನು ಬರೆಯಬೇಕು ಎಂದು ಕೇಳಿದರೆ, ಆ ಸಾಲಿನ ಸಂಖ್ಯೆಯನ್ನು 60ರಿಂದ ಭಾಗಿಸಿ ಶೇಷ ನೋಡುವುದು: ಶೇಷ 0 ಆದರೆ ಪ್ರಭವ, 59 ಆದರೆ ಅಕ್ಷಯ.

ಇನ್ನೂರು ಕೋಟಿ ದಾಟಿದ ಸಾಲುಗಳಿಂದ ಫೋನ್ ಸುಸ್ತಾಗುವುದಿಲ್ಲವೇ ಎಂದು ಕೇಳಬಹುದು. ಇಲ್ಲ. ಮದುವೆ ಮನೆಯ ಊಟದ ಪಂಕ್ತಿಯ ಹಾಗೆ, ಜಾಗ ಇರುವುದು ಪರದೆಯ ಮೇಲೆ ಹಿಡಿಸುವಷ್ಟೇ. ಒಬ್ಬರೆದ್ದ ಎಲೆ ತೆಗೆದು ಅಲ್ಲೇ ಇನ್ನೊಬ್ಬರನ್ನು ಕೂರಿಸುತ್ತಾರೆ. 2014ರಲ್ಲಿ ಬಂದ ರಿಸೈಕ್ಲರ್‌ವ್ಯೂ ಎಂಬ ಸಾಧನದ ಹೆಸರೇ ಈ ಮರುಬಳಕೆಯದು.

ಎರಡೂ ಕಡೆ ತಿರುಗಬೇಕಾದ್ದರಿಂದ ಆರಂಭ ನಡುಮಧ್ಯದಲ್ಲಿರಬೇಕು. ಇಲ್ಲೇ ಹೊಸಬರು ಎಡವುವುದು. ಆ ದೊಡ್ಡ ಸಂಖ್ಯೆಯ ಅರ್ಧ 1073741823. ಅದನ್ನು 60ರಿಂದ ಭಾಗಿಸಿದರೆ ಶೇಷ 3. ಆ್ಯಪ್ ತೆರೆದವರಿಗೆ ಪ್ರಭವದ ಬದಲು ಪ್ರಮೋದೂತ ಕಾಣುತ್ತದೆ, ಡೆವಲಪರ್ ಹೆಸರುಗಳ ಪಟ್ಟಿ ತಪ್ಪಿದೆಯೇನೋ ಎಂದು ಅದನ್ನೇ ಜಾಲಾಡುತ್ತಾರೆ. ಮೂರು ಸಾಲು ಹಿಂದಕ್ಕೆ, 1073741820ರಿಂದ ಶುರು ಮಾಡಿದರೆ ಎಲ್ಲವೂ ಸರಿ.

ಇದಕ್ಕಿಂತ ಹಠಮಾರಿ ತೊಂದರೆ ಹಿಂದಕ್ಕೆ ಎಣಿಸುವಾಗಿನದು. 1987ರ ಯುಗಾದಿಗೆ ಪ್ರಭವ ಆರಂಭವಾಯಿತು. ಇಸವಿಯಿಂದ 1987 ಕಳೆದು 60ರಿಂದ ಭಾಗಿಸಿದರೆ ಸಂವತ್ಸರ ಸಿಗಬೇಕು. 2025ಕ್ಕೆ 38 ಬರುತ್ತದೆ, ಸೊನ್ನೆಯಿಂದ ಎಣಿಸಿದರೆ ವಿಶ್ವಾವಸು, ಸರಿ. 1986 ಹಾಕಿ ನೋಡಿ. ಕಳೆದರೆ −1. ಚಕ್ರದಲ್ಲಿ ಪ್ರಭವದ ಹಿಂದಿನದು ಅಕ್ಷಯ, ಆದ್ದರಿಂದ ಶೇಷ 59 ಬರಬೇಕು. ಪೈಥಾನ್, ಡಾರ್ಟ್ ಭಾಷೆಗಳು 59 ಎಂದೇ ಹೇಳುತ್ತವೆ. ಜಾವಾ, ಸ್ವಿಫ್ಟ್‌ಗಳ ಸಾಮಾನ್ಯ ಶೇಷಚಿಹ್ನೆ ಮಾತ್ರ −1 ಎನ್ನುತ್ತದೆ. ಪಟ್ಟಿಯಲ್ಲಿ −1ನೇ ಹೆಸರು ಎಂಬುದಿಲ್ಲ, ಆ್ಯಪ್ ಅಲ್ಲೇ ಕುಸಿಯುತ್ತದೆ. ಬಂದ ಶೇಷಕ್ಕೆ 60 ಕೂಡಿಸಿ ಮತ್ತೊಮ್ಮೆ ಭಾಗಿಸಿದರೆ ಪರಿಹಾರ. ಕಷ್ಟದ್ದೇನಲ್ಲ, ಆದರೆ ಪರೀಕ್ಷಿಸುವವರು ಮುಂದಕ್ಕಷ್ಟೇ ತಿರುಗಿಸಿ ನೋಡಿದ್ದರೆ ಇದು ಕಣ್ಣಿಗೇ ಬೀಳುವುದಿಲ್ಲ.

ಜಾಹೀರಾತು ಬ್ಯಾನರ್‌ಗಳವರು ಹೆಚ್ಚಾಗಿ ಇನ್ನೊಂದು ದಾರಿ ಹಿಡಿಯುತ್ತಾರೆ. ಐದು ಚಿತ್ರಗಳಿದ್ದರೆ ಮೊದಲನೆಯದರ ಮುಂದೆ ಐದನೆಯದರ ನಕಲು, ಐದನೆಯದರ ಹಿಂದೆ ಮೊದಲನೆಯದರ ನಕಲು, ಒಟ್ಟು ಏಳು. ಕೊನೆಯ ನಕಲಿನ ಮೇಲೆ ಬಂದು ನಿಂತ ತಕ್ಷಣ, ಚಲನೆ ಕಾಣದ ಹಾಗೆ ಅಸಲಿಗೆ ಜಿಗಿಸುತ್ತಾರೆ. ಎರಡೂ ಒಂದೇ ಚಿತ್ರವಾದ್ದರಿಂದ ನಮಗೆ ಗೊತ್ತಾಗುವುದಿಲ್ಲ. ಸಮಸ್ಯೆ ಇರುವುದು ‘ನಿಂತ ತಕ್ಷಣ’ ಎಂಬಲ್ಲಿ. ಅವಸರದ ಬೆರಳು ಪಟಪಟನೆ ತಳ್ಳಿದರೆ ಪಟ್ಟಿ ನಿಲ್ಲುವುದೇ ಇಲ್ಲ, ಜಿಗಿಯುವ ಮೊದಲೇ ಗೋಡೆಗೆ ಬಡಿಯುತ್ತದೆ. 2011ರ ಡೆವಲಪರ್ ಸಮಾವೇಶದಲ್ಲಿ ಆಪಲ್ ತೋರಿಸಿದ ವಿಧಾನ ಹೆಚ್ಚು ಜಾಣತನದ್ದು. ನಿಲ್ಲುವವರೆಗೆ ಕಾಯದೆ, ಮಧ್ಯದಿಂದ ಒಟ್ಟು ಉದ್ದದ ಕಾಲುಭಾಗಕ್ಕಿಂತ ಹೆಚ್ಚು ಸರಿದ ಕೂಡಲೇ, ಬೆರಳು ಇನ್ನೂ ಪರದೆಯ ಮೇಲಿರುವಾಗಲೇ ಎಲ್ಲವನ್ನೂ ಒಟ್ಟಿಗೆ ಮಧ್ಯಕ್ಕೆ ಎಳೆದುಕೊಳ್ಳುವುದು. ಆಂಡ್ರಾಯ್ಡ್‌ನ ನಂಬರ್‌ಪಿಕರ್ ಉರುಳೆ ಇನ್ನೂ ಸರಳ: ಅದು ಉದ್ದದ ಪಟ್ಟಿಯನ್ನೇ ಇಟ್ಟುಕೊಂಡಿಲ್ಲ. ಒಂದು ಸಮಯಕ್ಕೆ ಮೂರು ಅಂಕಿಗಳು. ತಿರುಗಿದಾಗ ಮೂರನ್ನೂ ಒಂದೊಂದು ಹೆಚ್ಚಿಸಿ, ಮೇರೆ ದಾಟಿದ್ದನ್ನು ಮೊದಲಿಗೆ ತರುತ್ತದೆ. ಇಲ್ಲಿ ಹೇಳಿದವುಗಳಲ್ಲಿ ನಿಜವಾದ ಚಕ್ರ ಎನ್ನಬಹುದಾದದ್ದು ಇದೊಂದೇ.

ಕಣ್ಣಿಗೆ ಮೋಸವಾದರೂ ಕಿವಿಗೆ ಆಗುವುದಿಲ್ಲ. ದೃಷ್ಟಿ ಇಲ್ಲದವರಿಗೆ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್‌ನಂಥ ಸಾಧನಗಳು ಆ್ಯಪ್ ಕೊಟ್ಟ ಲೆಕ್ಕವನ್ನೇ ನಂಬುತ್ತವೆ. ಐದು ಬ್ಯಾನರ್‌ಗಳಿಗೆ ಇನ್ನೂರು ಕೋಟಿ ಎಂದು ಸುಳ್ಳು ಹೇಳಿದ್ದರೆ, ಕೇಳುವವರಿಗೆ ಸಿಗುವುದೂ ಅದೇ ಸುಳ್ಳು. ಅಸಲಿ ಸಂಖ್ಯೆಯನ್ನು ಆ ಸಾಧನಕ್ಕೆ ಬೇರೆಯಾಗಿ ತಿಳಿಸಬೇಕು, ಬಹಳ ಮಂದಿ ಮರೆಯುತ್ತಾರೆ. ತಾನಾಗಿ ಸರಿಯುವ ಬ್ಯಾನರ್ ಐದು ಸೆಕೆಂಡಿಗಿಂತ ಹೆಚ್ಚು ಕಾಲ ಚಲಿಸುತ್ತಲೇ ಇದ್ದರೆ ಅದನ್ನು ತಡೆದು ನಿಲ್ಲಿಸುವ ದಾರಿ ಇರಬೇಕೆಂದು ವೆಬ್‌ನ ಸುಗಮ್ಯತಾ ಮಾರ್ಗಸೂಚಿ 2008ರಲ್ಲೇ ಹೇಳಿದೆ. ನನ್ನ ಮಟ್ಟಿಗೆ ಬ್ಯಾನರ್‌ಗಳಿಗೆ ಈ ಸುತ್ತಾಟವೇ ಬೇಡ. ಐದು ನೋಡಿ ಮುಗಿಯಿತು ಎಂದು ತಿಳಿದರೆ ಜನ ಮುಂದಿನ ಕೆಲಸ ನೋಡಿಕೊಳ್ಳುತ್ತಾರೆ. ಗಂಟೆ, ವಾರ, ನಕ್ಷತ್ರ, ಸಂವತ್ಸರಗಳು ತಾವೇ ಸುತ್ತುವಂಥವು, ಅವುಗಳ ಮಾತು ಬೇರೆ.

ಅಲ್ಲೂ ಉರುಳೆಯೊಂದೇ ಸಾಲದು. 1947ರ ಯುಗಾದಿಗೆ ಬಂದದ್ದು ಸರ್ವಜಿತ್, 2007ರದ್ದೂ ಸರ್ವಜಿತ್. ಅಜ್ಜ ಹುಟ್ಟಿದ್ದು, ಮೊಮ್ಮಗಳು ಹುಟ್ಟಿದ್ದು ಎರಡೂ ಉರುಳೆಯಲ್ಲಿ ಒಂದೇ ಹೆಸರಿಗೆ ಬಂದು ನಿಲ್ಲುತ್ತವೆ. ಹಾಗಾಗಿ ಪಕ್ಕದಲ್ಲಿ ಇಸವಿಯದ್ದೊಂದು ಕಾಲಂ ಬೇಕು, ಅದು ಸುತ್ತಬಾರದು. ಇವೆರಡರ ನಂಟು ಹೇಗಿರಬೇಕು ಎಂಬುದರಲ್ಲಿ ದೊಡ್ಡ ಕಂಪನಿಗಳಿಗೇ ಒಮ್ಮತವಿಲ್ಲ. ಆಂಡ್ರಾಯ್ಡ್‌ನ ಹಳೆಯ ದಿನಾಂಕದ ಉರುಳೆಯಲ್ಲಿ ಡಿಸೆಂಬರ್ ದಾಟಿ ಜನವರಿಗೆ ಬಂದರೆ ವರ್ಷವೂ ಒಂದು ಮುಂದಕ್ಕೆ ಹೋಗುತ್ತದೆ. ಐಫೋನಿನಲ್ಲಿ ವರ್ಷ ಇದ್ದಲ್ಲೇ ಇರುತ್ತದೆ. ಪಂಚಾಂಗದ ಆ್ಯಪ್‌ಗಾದರೆ ನಾನು ಆಂಡ್ರಾಯ್ಡ್‌ನ ಕ್ರಮವನ್ನೇ ಆರಿಸುತ್ತೇನೆ: ಅಕ್ಷಯದಿಂದ ಪ್ರಭವಕ್ಕೆ ಬೆರಳು ಸರಿದ ಕ್ಷಣ ಪಕ್ಕದಲ್ಲಿ 2046 ಹೋಗಿ 2047 ಬರಲಿ.