ಪಟ್ಟಮಹಿಷಿ ಮತ್ತು ಪಟ್ಟದ ಕೋಣ



ರಾಜನ ಹಿರಿಯ ಹೆಂಡತಿಗೆ ಪಂಡಿತರು ಏನಂತ ಬರೀತಾರ? ಪಟ್ಟಮಹಿಷಿ. ದ್ಯಾಮವ್ವನ ಜಾತ್ರಿಗೆ ಬಿಟ್ಟ ಕೋಣಕ್ಕ ಊರವರು ಏನಂತ ಕರೀತಾರ? ಪಟ್ಟದ ಕೋಣ. ಈಗ ಮೋನಿಯರ್ ವಿಲಿಯಮ್ಸನ ಸಂಸ್ಕೃತ ನಿಘಂಟು ತೆಗೆದು ನೋಡ್ರಿ. ಮಹಿಷಿ ಅಂದ್ರ ಎಮ್ಮಿ, ಮಹಿಷಿ ಅಂದ್ರ ಪಟ್ಟದ ರಾಣಿ. ಎರಡೂ ಅರ್ಥ ಒಂದೇ ಪದದ ಕೆಳಗ ಅದಾವ.

'ಮಹಿಷ' ಬೈಗುಳವಾಗಿ ಹುಟ್ಟಿದ ಪದವಲ್ಲ. ಮಹತ್, ಮಹಾ ಎಂಬ ಪದಗಳ ಕುಲದ್ದು. ಋಗ್ವೇದದಲ್ಲಿ ಅದಕ್ಕೆ ದೊಡ್ಡವನು, ಬಲಶಾಲಿ ಎಂಬ ಅರ್ಥವಿದೆ. ಅಗ್ನಿ, ಸೋಮರನ್ನೂ ಆ ಹೆಸರಿನಿಂದ ಹೊಗಳಿದ್ದಾರೆ. ಪುರಾಣದ ಕಾಲಕ್ಕೆ ಅದೇ ಹೆಸರಿಗೆ 'ಅಸುರ' ಅಂಟಿತು. ಹೆಣ್ಣುರೂಪ ಅರಮನೆಯಲ್ಲೇ ಉಳಿಯಿತು, ಗಂಡುರೂಪ ತ್ರಿಶೂಲದ ಕೆಳಗೆ ಬಿತ್ತು. ಮೈಸೂರಿನ ಹೆಸರು ಮಹಿಷನದು ಅಂತ ಶಾಲಿ ಪುಸ್ತಕನೂ ಹೇಳತದ. ಅವನ ಹೆಸರಿನಾಗ ದಸರಾ ಮಾಡ್ತೀವಿ ಅಂದ್ರ ಮಾತ್ರ ನಿಷೇಧಾಜ್ಞೆ!

ಎಮ್ಮೆ ನಮ್ಮದೇ ನುಡಿಯ ಪದ. ತಮಿಳಿನ ಎರುಮೈ, ಮಲಯಾಳದ ಎರುಮ, ತೆಲುಗಿನ ಎನುಮು, ಎಲ್ಲ ಅಕ್ಕತಂಗಿಯರು. ಈ ಎಮ್ಮಿ ಹಾಲು ಕೊಟ್ಟಿತು, ಸತ್ತ ಮ್ಯಾಲ ಮೆಟ್ಟು, ಮಿಣಿ, ಬಾರಕೋಲು ಆತು. ಆ ತೊಗಲು ಹದ ಮಾಡಿದವರು ನಾವು. ಊರು ಕೊಟ್ಟಿದ್ದು ಮಾತ್ರ ಗಾದಿ: ಎಮ್ಮಿ ಮ್ಯಾಲ ಮಳಿ ಸುರದಂಗ, ಕೋಣನ ಮುಂದ ಕಿನ್ನರಿ ಬಾರಿಸಿದಂಗ. ಶಾಲ್ಯಾಗ ನಮ್ಮ ಹುಡುಗರಿಗೆ ಇವೇ ಮಾತು ಬೀಳತಾವ.

ಈಗ ದ್ಯಾಮವ್ವನ ಕಥಿಗೆ ಬರ್ರಿ. ಊರಿಂದ ಊರಿಗೆ ಸ್ವಲ್ಪ ಬೇರೆ ಇದ್ದರೂ ತಿರುಳು ಒಂದೇ. ಕೇರಿಯ ಹುಡುಗ ಜಾತಿ ಮುಚ್ಚಿಟ್ಟು ಓದು ಕಲಿತ, ಬ್ರಾಹ್ಮಣರ ಮಗಳನ್ನು ಮದುವೆಯಾದ, ಮಕ್ಕಳಾದವು. ಒಂದಿನ ಅವನ ತಾಯಿ ಬಂದು ಉಣ್ಣಾಕ ಕುಂತಳು. ಸಿಹಿ ಅಡಿಗಿ ತಿಂದು, ಎಮ್ಮಿ ನಾಲಿಗಿಯಂಗ ಐತಿ ಅಂದಳು. ಗುಟ್ಟು ಬಯಲಾತು. ಸೊಸಿ ಸಿಟ್ಟಿನಿಂದ ದೇವತೆಯಾದಳು, ಗಂಡ ಕೋಣನ ಮೈಯೊಳಗ ಅಡಗಿದ. ಅದಕ್ಕ ಜಾತ್ರಿಗೊಮ್ಮೆ ಆ ಕೋಣ ಕಡೀಬೇಕು.

ನಾನು ಇದನ್ನ ಬರೀ ಭಕ್ತಿಯ ಕಥಿ ಅಂತ ಓದಂಗಿಲ್ಲ. ಓದು ಕದ್ದು ಕಲಿತದ್ದಕ್ಕ, ಜಾತಿ ಮೀರಿ ಮದುವೆಯಾದದ್ದಕ್ಕ ಕೊಟ್ಟ ಶಿಕ್ಷೆ ಇದು. ಇವತ್ತು ಮರ್ಯಾದೆಗೇಡು ಹತ್ಯೆ ಅಂತ ಪೇಪರಿನಾಗ ಬರೋದೂ ಇದೇ. ಅಲ್ಲಿ ಸಾಯೋ ಕೋಣ ನಮ್ಮ ಕೇರಿಯ ಅಳಿಯ. ಅವನಿಗೆ 'ಪಟ್ಟ' ಅಂತ ಹೆಸರಿಟ್ಟು, ಹಲಗಿ ಬಡಿಯಾಕ, ಕಡಿಯಾಕ, ತಲಿ ಹೊರಾಕ ನಮ್ಮನ್ನೇ ಕರೀತಾರ.

ಪ್ರಾಣಿಬಲಿ ತಡೆ ಕಾಯ್ದೆ ಬಂದದ್ದು 1959ರಾಗ. 2020ರ ಜಾನುವಾರು ಕಾಯ್ದೆ 13 ವರ್ಷದೊಳಗಿನ ಎಮ್ಮಿ-ಕೋಣ ಕಡಿಯೋದನ್ನೂ ಅಪರಾಧ ಮಾಡೇತಿ. (ಪೂಜಿಗೆ ಗೋಮಾತೆ ಒಬ್ಬಳೇ, ಕೇಸಿಗೆ ಮಾತ್ರ ಎಮ್ಮಿನೂ ಬೇಕು.) ಅಂದಮ್ಯಾಲ ಕೇಸು ಬಿದ್ದರ ಯಾರ ಮ್ಯಾಲ? ಪಟ್ಟಿ ಎತ್ತಿ ಜಾತ್ರಿ ಮಾಡಿದ ದೈವದವರ ಮ್ಯಾಲೋ, ಕೈಯಾಗ ಕತ್ತಿ ಕೊಡಿಸಿಕೊಂಡ ನಮ್ಮ ಹುಡುಗನ ಮ್ಯಾಲೋ?

ಇರಕಲ್ಲಗಡ ಸೀಮಿಯ ಗೆಳೆಯರೆ, ಜಾತ್ರಿ ಮಾತಾಡಾಕ ಕೇರಿಯವರನ್ನ ಕರೆದಾಗ ಇದನ್ನ ಮೊದಲು ಕೇಳ್ರಿ. ಉತ್ತರ ಬರೋ ತನಕ ಹಲಗಿ ಕೆಳಗ ಇಡ್ರಿ.