ಪುಕ್ಕಟೆ ಸೌದೆ, ಅಮ್ಮನಿಗೆ ಹೊಗೆ



ಮಳೆಗಾಲಕ್ಕೆ ಮುಂಚೆ ಕರೆಂಟ್ ತಂತಿಗೆ ತಾಗುವ ಕೊಂಬೆ ಕಡಿದವರು ನಮ್ಮೂರಲ್ಲಿ ಅದನ್ನು ಪುಕ್ಕಟೆಯಾಗಿ ಮನೆ ಮುಂದೆಯೇ ಹಾಕಿ ಹೋಗುತ್ತಾರೆ. ನಾವು ರಾಶಿ ಹಾಕಿ ಸುಮ್ಮನಾಗುತ್ತೇವೆ. ಇದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಹಸಿ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಒಲೆಗಿಟ್ಟರೆ ಮೊದಲು ಆ ನೀರು ಆರಬೇಕು, ಹಂಡೆ ಕಾಯೋದು ಆಮೇಲೆ. ಅಲ್ಲೀತನಕ ಹೊಗೆ ಕುಡಿದು ಕೆಮ್ಮುವವರು ಯಾರು? ಅಮ್ಮ, ಅಜ್ಜಿ. ಗ್ಯಾಸ್ ಬಂದ ಮನೆಯಲ್ಲೂ ಬಚ್ಚಲೊಲೆಗೆ ಸೌದೆಯೇ ತಾನೇ?

ಹಸಿ ಇದ್ದಾಗಲೇ ಸೀಳಿಬಿಡಬೇಕು; ಒಣಗಿದರೆ ಗಟ್ಟಿಯಾಗುತ್ತದೆ. ತೊಗಟೆ ನೀರನ್ನು ಬೇಗ ಬಿಡೋದಿಲ್ಲ, ಸೀಳಿದ ಮೈಯಿಂದ ಬೇಗ ಆರುತ್ತದೆ. ಕೆಳಗೆ ಕಲ್ಲಿಟ್ಟು, ಗಾಳಿಯಾಡುವಂತೆ ಒಟ್ಟಬೇಕು. ನೆಲಕ್ಕೆ ತಾಗಿದರೆ ಗೆದ್ದಲು ಹಿಡಿಯುತ್ತದೆ. ಮೇಲೆ ಮಾತ್ರ ಮುಚ್ಚಬೇಕು. ಸುತ್ತಲೂ ಪ್ಲಾಸ್ಟಿಕ್ ಸುತ್ತಿದರೆ ಬೂಷ್ಟು. ಈ ವರ್ಷ ಒಟ್ಟಿದ್ದು ಮುಂದಿನ ವರ್ಷದ ಒಲೆಗೆ.

ಸೀಳೋದು ದೊಡ್ಡವರ ಕೆಲಸ. ಒಟ್ಟೋದು ನಮ್ಮಿಂದ ಆಗುತ್ತದೆ. ಹಳೇ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ, ಹಾವು ಚೇಳು ಇರಬಹುದು. 'ಅದು ಹೆಂಗಸರ ಕೆಲಸ' ಅನ್ನುವ ಹುಡುಗರಿಗೆ ಒಂದೇ ಪ್ರಶ್ನೆ: ಬಿಸಿನೀರು ನಿಮಗೆ ಬೇಡವೇ? ಈ ಭಾನುವಾರವೇ ಶುರು ಮಾಡೋಣ.

– ಎಂಟನೇ ತರಗತಿಯ ವಿದ್ಯಾರ್ಥಿನಿ